ಗೆಳತಿ ನೆಗೆಣ್ಣಿಯಾದ ವರ್ಷ

ಹೋದ ಶ್ರಾವಣದಲ್ಲಿ ನನ್ನ ತವರು ಬಮ್ಮಿಗಟ್ಟಿಗೆ ಹೋಗಿದ್ದೆ. ತಮ್ಮನ ಹೆಂಡತಿ ಹಿತ್ತಲ ಚಪ್ಪರದ ಕೆಳಗೆ ಹೊಸದೊಂದು ಮಣ್ಣಿನ ಒಲೆ ಹಾಕಿದ್ದಳು. ಮನೆಯಲ್ಲಿ ಗ್ಯಾಸ್ ಇದೆ. ಆದರೆ ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿಯನ್ನು ರೊಟ್ಟಿ ಎಂದು ಒಪ್ಪುವ ಪೈಕಿ ಅಲ್ಲ ನನ್ನ ತಮ್ಮ. ಒಲೆ ಇನ್ನೂ ಪೂರ್ತಿ ಒಣಗಿರಲಿಲ್ಲ, ಅವಳು ಅವಸರಕ್ಕೆ ಬೆಂಕಿ ಹಚ್ಚಿಬಿಟ್ಟಳು. ಹಸಿ ಮಣ್ಣು, ಸಗಣಿ, ಮೊದಲ ಹೊಗೆ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೊರಗೆ ಬಂದೆ.

"ಯಾಕ್ರಿ ಅಕ್ಕಾರ, ಚಹಾ ಚಲೋ ಆಗಿಲ್ಲೇನ್ರಿ?" ಅಂತ ಅವಳು ಹಿಂದೆಯೇ ಬಂದಳು.

"ಚಹಾ ಚಲೋ ಐತಿ ತಂಗಿ. ನನಗ ಆ ಒಲಿ ವಾಸನಿ ಆಗೂದಿಲ್ಲ."

"ಒಲಿ ವಾಸನೀನ? ಅದೇನು ಹೊಲಸು ವಾಸನೇನ್ರಿ?" ಎಂದು ಅವಳು ಬಾಯಿ ಬಿಟ್ಟುಕೊಂಡು ನಿಂತಳು.

ಹೊಲಸಲ್ಲ. ಹೊಸ ಒಲೆಯ ವಾಸನೆ ಎಂದರೆ ಎಲ್ಲರಿಗೂ ಇಷ್ಟವೇ. ನನಗೆ ಮಾತ್ರ ಅದು ನನ್ನ ಗಂಡನ ಮನೆ ಎರಡಾದ ವರ್ಷದ ವಾಸನೆ. ಮನೆ ಎರಡಾಗುವುದೇನು ದೊಡ್ಡ ಮಾತಲ್ಲ, ಅಣ್ಣತಮ್ಮಂದಿರು ಬೇರೆಯಾಗದ ಮನೆ ಯಾವ ಊರಲ್ಲಿದೆ ತೋರಿಸಿ. ಆ ವರ್ಷ ನಾನು ಕಳೆದುಕೊಂಡದ್ದು ನೀಲಿಯನ್ನು. ಅದನ್ನು ಹೇಳಿ ಅಳುವುದಕ್ಕೂ ಬರುವಂತಿಲ್ಲ. ನೀಲಿ ಸತ್ತಿಲ್ಲ, ಊರು ಬಿಟ್ಟು ಹೋಗಿಲ್ಲ, ನನ್ನ ಜೊತೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಾಳೆ, ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾಳೆ.

ನೀಲಿ ಎಂದರೆ ನೀಲವ್ವ. ಬಮ್ಮಿಗಟ್ಟಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬಣವೆಯ ಜಾಗ, ಅಷ್ಟೇ. ನಾನು ಕಸ್ತೂರಿ, ಅವಳ ಬಾಯಲ್ಲಿ ಕಸ್ತಿ. ಬಾಲವಾಡಿಯಿಂದ ಮಿಶ್ರಿಕೋಟಿಯ ಹೈಸ್ಕೂಲಿನವರೆಗೆ ಇಬ್ಬರದೂ ಒಂದೇ ಬೆಂಚು. ನನಗೆ ಲೆಕ್ಕ ಎಂದರೆ ಜ್ವರ, ಅವಳಿಗೆ ಕನ್ನಡ ಪ್ರಬಂಧ ಎಂದರೆ ಜ್ವರ. ನನ್ನ ಲೆಕ್ಕ ಅವಳು ಬಿಡಿಸುತ್ತಿದ್ದಳು, ಅವಳ ಪ್ರಬಂಧ ನಾನು ಬರೆಯುತ್ತಿದ್ದೆ. ಒಮ್ಮೆ ಮಾಸ್ತರು 'ನನ್ನ ಮೆಚ್ಚಿನ ಗೆಳತಿ' ಎಂಬ ವಿಷಯ ಕೊಟ್ಟರು. ನನ್ನ ಹೆಸರಿನಲ್ಲಿ ಅವಳ ಬಗ್ಗೆ ಬರೆದೆ, ಅವಳ ಹೆಸರಿನಲ್ಲಿ ನನ್ನ ಬಗ್ಗೆಯೂ ನಾನೇ ಬರೆದೆ. ಎರಡನೆಯದರಲ್ಲಿ ನನ್ನನ್ನು ನಾನು ಎಷ್ಟು ಹೊಗಳಿಕೊಂಡಿದ್ದೆ ಎಂದರೆ ಮಾಸ್ತರು ಅದನ್ನು ಕ್ಲಾಸಿನಲ್ಲಿ ಓದಿಸಿದರು. ನೀಲಿ ಓದುತ್ತ ಓದುತ್ತ ನಕ್ಕು, ನಕ್ಕು, ಕೊನೆಗೆ ಬೆಂಚಿನ ಕೆಳಗೆ ಕುಳಿತುಬಿಟ್ಟಳು.

ನಮ್ಮ ಓಣಿಯ ಹುಡುಗಿಯರು ಒಬ್ಬೊಬ್ಬರಾಗಿ ಲಗ್ನವಾಗಿ ಹೋಗತೊಡಗಿದಾಗ ನಮಗೆ ಭಯ ಹಿಡಿಯಿತು. ಒಂದು ದಿನ ಬಸ್ಸಿನಲ್ಲಿ ಬರುವಾಗ ನೀಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದಳು. ಯಾಕೆಂದು ಕೇಳಿದರೆ, "ನಮ್ಮದೂ ಹಿಂಗ ಆಗೂದಲ್ಲೇನು? ನೀ ಒಂದ ಊರು, ನಾ ಒಂದ ಊರು. ವರ್ಷಕ್ಕೊಮ್ಮೆ ಪಂಚಮಿಗೆ ಬಂದಾಗ ಮಾರಿ ನೋಡೂದು" ಎಂದಳು. ನಾನು ಆಗ ಬಹಳ ಶಾಣ್ಯಾಕಿ. ಅಲ್ಲೇ ತೀರ್ಪು ಕೊಟ್ಟೆ: "ಅಣ್ಣಾತಮ್ಮ ಇರೂ ಮನಿ ನೋಡೂಣು. ಅಣ್ಣನ ನಾ ಮಾಡ್ಕೋತೇನಿ, ತಮ್ಮನ ನೀ ಮಾಡ್ಕೋ. ಒಂದ ಮನಿ, ಒಂದ ಒಲಿ. ಸಾಯೂತನಕ ಯಾರೂ ಬಿಡಸಂಗಿಲ್ಲ." ಅವಳು ಕಣ್ಣೊರೆಸಿಕೊಂಡು, "ನೀನಽ ಯಾಕ ಅಣ್ಣನ್ನ ಮಾಡ್ಕೋಬೇಕು?" ಅಂತ ಜಗಳ ತೆಗೆದಳು.

ಹುಡುಗಿಯರು ಹೀಗೆ ಮಾತಾಡಿಕೊಳ್ಳುವುದು ಹೊಸದೇನಲ್ಲ. ಆದರೆ ನಾವು ಅದನ್ನು ಮಾಡಿಯೂ ತೋರಿಸಿದೆವು. ಕಲಘಟಗಿ ಹತ್ತಿರದ ತಂಬೂರಿನವರು ನನ್ನನ್ನು ನೋಡಲು ಬಂದಾಗ ನಾನು ಹುಡುಗನ ಮುಖ ನೋಡುವುದಕ್ಕಿಂತ ಮೊದಲು ಸೋದರತ್ತೆಯ ಕಿವಿಯಲ್ಲಿ, "ಇವರಿಗೆ ತಮ್ಮ ಅದಾನೇನು ಕೇಳು" ಎಂದೆ. ಇದ್ದ. ಮಲ್ಲೇಶಿ, ಆಗಿನ್ನೂ ಕಾಲೇಜು. ನಾನು ಒಪ್ಪಿದೆ. ಈ ಮಾತನ್ನು ಮುಂದೆ ನನ್ನ ಗಂಡನಿಗೆ ಹೇಳಿ ನಕ್ಕಿದ್ದೆ. ಅವರು ಆಗ ನಕ್ಕರು. ಎರಡು ವರ್ಷಕ್ಕೆ ಅತ್ತೆಯ ಮುಂದೆ ನಾನೇ ಸುದ್ದಿ ತೆಗೆದೆ, ನಮ್ಮೂರಿನಲ್ಲಿ ಒಂದು ಹುಡುಗಿ ಇದ್ದಾಳೆ, ಕೆಲಸದಾಕೆ, ಬಾಯಿ ಕಡಿಮೆ ಅಂತ. ಬಾಯಿ ಕಡಿಮೆ ಎನ್ನುವುದು ಶುದ್ಧ ಸುಳ್ಳಾಗಿತ್ತು.

ಅವ್ವ ಒಬ್ಬಳೇ ಬೇಡ ಎಂದವಳು. "ಗೆಳತೀನ ನೆಗೆಣ್ಣಿ ಮಾಡ್ಕೋಬ್ಯಾಡ ಬೇ" ಎಂದಳು. "ಗೆಳತಿ ಜೋಡಿ ಜಗಳಾ ಆದ್ರ ಮರದಿನ ಕೂಡ್ತೀರಿ. ಅಣ್ಣಾತಮ್ಮನ ಹೇಂಡ್ರ ಜಗಳಾಡಿದ್ರ ನಡುವ ಗ್ವಾಡಿ ಏಳತೈತಿ." ನಾನು ಅವಳನ್ನು ಗದರಿಸಿದೆ. ಅವ್ವನಿಗೆ ತನ್ನ ನೆಗೆಣ್ಣಿಯ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಅದನ್ನು ನಮ್ಮ ಮೇಲೆ ಹಾಕುತ್ತಾಳೆ ಅಂದುಕೊಂಡೆ. ನೀಲಿ ತಂಬೂರಿನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ದಿನ ನನಗಾದ ಸಂತೋಷ ನನ್ನ ಸ್ವಂತ ಲಗ್ನದಲ್ಲೂ ಆಗಿರಲಿಲ್ಲ.

ಆಮೇಲಿನ ವರ್ಷಗಳು ಚೆನ್ನಾಗಿಯೇ ಇದ್ದವು, ಅದನ್ನು ಇಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಅತ್ತೆಯ ಮುಂದೆ ಅವಳು ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು, ಅತ್ತೆ ಬಚ್ಚಲಿಗೆ ಹೋದರೆ ಸಾಕು, "ಲೇ ಕಸ್ತಿ". ಬೆಳಗಿನಲ್ಲಿ ಒಲೆಯ ಮುಂದೆ ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ನಾನು ಬಡಿಯುವ ವೇಗ, ಅವಳು ಹೊರಳಿಸುವ ವೇಗ ಎಷ್ಟು ಕೂಡಿತ್ತೆಂದರೆ, ಅತ್ತೆ ಎಣ್ಣೆ ಹಾಕಿದ ಗಾಣ ಎನ್ನುತ್ತಿದ್ದಳು. ಮಕ್ಕಳಾದವು. ನನಗೆ ಒಬ್ಬಳು ಮಗಳು, ಅವಳಿಗೆ ಎರಡು ಗಂಡು. ಯಾರ ಮಗು ಅತ್ತರೂ ಹತ್ತಿರ ಇದ್ದವಳು ಎತ್ತಿಕೊಳ್ಳುತ್ತಿದ್ದಳು.

ಆ ವರ್ಷ ರೋಹಿಣಿ ಮಳೆ ಚೆನ್ನಾಗಿ ಆಯಿತು. ರೋಹಿಣಿ ಮಳಿ ಆದ್ರ ಓಣೆಲ್ಲ ಜ್ವಾಳ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಓಣಿಗೆಲ್ಲ ಕೇಳುವಂತೆ ಜಗಳ ಬೆಳೆಯಿತು. ಮಾವ ತೀರಿಕೊಂಡ ಮೇಲೆ ಹೊಲದ ಕಾರಭಾರ ನಮ್ಮವರದು. ಅವರಿಗೆ ಭತ್ತ ಬಿಟ್ಟರೆ ಬೇರೆ ಬೆಳೆ ಬೆಳೆಯೇ ಅಲ್ಲ. ಮಲ್ಲೇಶಿಗೆ ಮೇಲಿನ ಹೊಲಕ್ಕೆಲ್ಲ ಗೋವಿನಜೋಳ ಹಾಕಬೇಕು. ಕೂರಿಗೆ ಹೂಡುವ ದಿನ ಅಣ್ಣ ಭತ್ತದ ಬೀಜ ತಂದರೆ ತಮ್ಮ ಎತ್ತು ಬಿಚ್ಚಿ ಹೊಡೆದುಕೊಂಡು ಹೋದ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಮಾತು ಬೇಕಾದರೆ ನಮ್ಮ ಮೂಲಕ. "ನಿನ್ನ ಮೈದುನಗ ಹೇಳು, ಗೊಬ್ಬರ ತರಲಿ" ಅಂತ ಇವರು ನನಗೆ ಹೇಳುವುದು, ನಾನು ನೀಲಿಗೆ, ನೀಲಿ ಅವನಿಗೆ. ಮೊದಮೊದಲು ನಾವು ಇದನ್ನು ಆಟದಂತೆ ಆಡಿದೆವು. ಇವರ ಸಿಟ್ಟಿನ ಮಾತನ್ನು ನಾನು ಸಣ್ಣದು ಮಾಡಿ ದಾಟಿಸುತ್ತಿದ್ದೆ, ಅವನ ಬೈಗುಳವನ್ನು ಅವಳು ನುಂಗಿ, "ಹೂಂ ಅಂದಾರ" ಎನ್ನುತ್ತಿದ್ದಳು.

ಪುನರ್ವಸು ಮಳೆ ಜಿಟಿಜಿಟಿ ಹಿಡಿದಿತ್ತು. ಭತ್ತದಲ್ಲಿ ಕಸ ತೆಗೆಯಲು ಹೋಗಿದ್ದೆವು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಪಾದ ಹೂತುಹೋಗುವ ಕೆಸರು. ಇಬ್ಬರದೂ ಅಕ್ಕಪಕ್ಕದ ಸಾಲು. ನೀಲಿಯೇ ಮೊದಲು ಬಾಯಿ ಬಿಟ್ಟಳು.

"ಕಸ್ತಿ, ಇವರು ಬ್ಯಾರೆ ಆಗತಾರ ಬೇ. ನನಗ ಗೊತ್ತಾಗೇತಿ."

"ಆಗಲಿ ಬಿಡು. ಗಂಡಸರು ಬ್ಯಾರೆ ಆಗಲಿ, ನಾವು ಆಗೂದು ಬ್ಯಾಡ."

"ಖರೇನ?"

"ಖರೇ. ಒಲಿ ಎರಡಾದ್ರ ಆಗಲಿ, ನಮ್ಮ ಮಾತು ಎರಡಾಗೂದು ಬ್ಯಾಡ."

ಅವಳು ಕೆಸರಿನ ಕೈಯಿಂದಲೇ ನನ್ನ ಕೈ ಹಿಡಿದಳು. ಆಮೇಲೆ ಏನೋ ಹಗುರಾಗಿ, ಇಬ್ಬರೂ ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿದೆವು. ಅತ್ತೆಯನ್ನು ತನ್ನಿಂದ ನೋಡಿಕೊಳ್ಳುವುದು ಆಗುವುದಿಲ್ಲ ಎಂದಳು ಅವಳು. "ಈ ಮುದಿಕಿ ನನ್ನ ಪಾಲಿಗೆ ಬಂದ್ರ ನಾ ಬಾವಿ ನೋಡ್ಕೋತೇನಿ ನೋಡ" ಎಂದಳು. ನನ್ನದೂ ಒಂದು ಮಾತಿತ್ತು. ಕಲಘಟಗಿಯಲ್ಲಿ ಮನೆ ಮಾಡಬೇಕು, ಮಗಳನ್ನು ಅಲ್ಲಿನ ಶಾಲೆಗೆ ಹಾಕಬೇಕು, ನಾನೂ ಸಣ್ಣ ಮಕ್ಕಳಿಗೆ ಕಲಿಸುವ ಕೆಲಸ ಹಿಡಿಯಬೇಕು ಅಂತ ಒಂದು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ. ಹೊಲ ಬಿಟ್ಟು ಬಾ ಎಂದರೆ ಅವರಿಗೆ ಉಸಿರು ಬಿಟ್ಟು ಬಾ ಎಂದಂತೆ, ಹೇಗೆ ಹೇಳುವುದೆಂದು ಹೊತ್ತು ಕಾಯುತ್ತಿದ್ದೆ. ನೀಲಿಗೆ ಹೇಳಿದೆ. "ಯಾರ ಮುಂದೂ ಅನಬ್ಯಾಡ" ಎಂದೆ. "ನನಗ ಹೇಳಬೇಕೇನು ಅದನ್ನ?" ಎಂದು ಅವಳು ನನ್ನ ಕೊಪ್ಪೆಯ ಮೇಲೆ ಒಂದು ಗುದ್ದು ಕೊಟ್ಟಳು.

ಆ ದಿನದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಆಗಲೇ ಮೋಸದ ಮನಸ್ಸು ಇಟ್ಟುಕೊಂಡಿದ್ದಳೇ? ಇಲ್ಲ. ಆ ಗುದ್ದು ನಿಜವಾದದ್ದು. ಅದಕ್ಕಾಗಿಯೇ ಈ ಸಂಕಟ ಹೋಗುವುದಿಲ್ಲ. ಮೋಸಗಾತಿಯಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು.

ಪಂಚಮಿ ಬಂತು. ಪ್ರತಿ ವರ್ಷ ಇಬ್ಬರೂ ಕೂಡಿಯೇ ತವರಿಗೆ ಹೋಗುತ್ತಿದ್ದೆವು. ಅವಳ ಅಣ್ಣನೋ ನನ್ನ ತಮ್ಮನೋ ಯಾರಾದರೊಬ್ಬ ಕರೆಯಲು ಬಂದರೆ ಸಾಕು, ಇಬ್ಬರಿಗೂ ಒಂದೇ ಬಸ್ಸು. ಆ ವರ್ಷ ನಾನು ಉಂಡಿ ಕಟ್ಟಿ, ಅರಿವೆ ಚೀಲಕ್ಕೆ ತುಂಬಿ ಕೂತಿದ್ದೆ. ಬೆಳಗಿನ ಹೊತ್ತು ಹೊರಗೆ ಮೋಟರ್ ಸೈಕಲ್ಲಿನ ಸದ್ದಾಯಿತು. ನೋಡುತ್ತೇನೆ, ನೀಲಿ ಆಗಲೇ ಅಣ್ಣನ ಹಿಂದೆ ಕೂತಿದ್ದಾಳೆ, ಸಣ್ಣ ಮಗ ಮುಂದೆ ಟಾಂಕಿಯ ಮೇಲೆ. ದೊಡ್ಡವನನ್ನು ಅವಳ ಗಂಡ ಬಸ್ಸಿಗೆ ಕರೆತರುತ್ತಾನಂತೆ. "ಅಕ್ಕಾರ, ಮಳಿ ಬರೂ ಹಂಗ ಐತ್ರಿ, ಮುಂದ ಹೋಗಿರ್ತೇವ್ರಿ" ಎಂದಳು. ಮುಗಿಲಿನಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಅವಳ ಹಿಂದೆ ಪಡಸಾಲೆಯಲ್ಲಿ ಮಲ್ಲೇಶಿ ನಿಂತಿದ್ದ, ಅದಕ್ಕೇ ಅವಳು ಹಾಗೆ ಮಾತಾಡಿದಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಮ್ಮಿಗಟ್ಟಿಯಲ್ಲಿ ಬಸ್ಸಿಳಿದಾಗ ಓಣಿಯ ಮುದುಕಿಯೊಬ್ಬಳು, "ನಿನ್ನ ಜೋಡ ಎಲ್ಲೈತಿ?" ಎಂದು ಕೇಳಿದಳು. ಜೋಡು ಎಂದೇ ನಮ್ಮನ್ನು ಕರೆಯುತ್ತಿದ್ದರು, ಒಂದು ನೊಗದ ಎತ್ತುಗಳಂತೆ. ಮನೆಯಲ್ಲಿ ಅವ್ವ ಏನೂ ಕೇಳಲಿಲ್ಲ. ಅವಳು ಏನಾದರೂ ಕೇಳಬೇಕಿತ್ತು ಎಂದು ನನಗೆ ಸಿಟ್ಟು ಬಂತು. ಆ ಪಂಚಮಿಗೆ ನೀಲಿ ನಮ್ಮ ಮನೆಗೆ ಬರಲಿಲ್ಲ, ನಾನೂ ಅವಳ ಮನೆಗೆ ಹೋಗಲಿಲ್ಲ. ನಡುವೆ ಒಂದು ಬಣವೆಯ ಜಾಗ.

ಅಲ್ಲಿಂದ ಮುಂದಿನದು ಹೇಳುವಂಥದೇನಿಲ್ಲ, ಎಲ್ಲ ಮನೆಯಲ್ಲೂ ಆಗುವಂಥದೇ. ನನ್ನ ಮಗಳಿಗೆ ಅವಳ ದೊಡ್ಡ ಮಗ ಹೊಡೆದ, ಅವಳು ಅವನನ್ನು ಬೈಯುವುದಕ್ಕೆ ಮೊದಲು ನನ್ನ ಮುಖ ನೋಡಿದಳು. ಅವಳು ತನ್ನ ಮಕ್ಕಳಿಗೆ ಅಂತ ಡಬ್ಬಿಯಲ್ಲಿ ಚಕ್ಕುಲಿ ಎತ್ತಿಟ್ಟಳು, ಅದು ನನಗೆ ಕಂಡಿತು. ಅವಳಿಗೂ ಗೊತ್ತಾಯಿತು ನನಗೆ ಕಂಡದ್ದು. ಅತ್ತೆ ಬಚ್ಚಲಿಗೆ ಹೋದಾಗಲೂ ಅವಳು ಈಗ "ಅಕ್ಕಾರ" ಎಂದೇ ಕರೆಯತೊಡಗಿದ್ದಳು. ನಾನು ಒಂದು ಸಲ, "ಯಾರೂ ಇಲ್ಲ ಲೇ ಇಲ್ಲೆ, ಕಸ್ತಿ ಅನ್ನು" ಎಂದೆ. "ರೂಢಿ ಆಗಿಬಿಟ್ಟೇತಿ ಬಿಡ್ರಿ" ಎಂದು ನಕ್ಕಳು. ಆ ನಗುವನ್ನು ಅವಳು ಬಂದ ಬೀಗರ ಮುಂದೆ ನಗುತ್ತಿದ್ದಳು, ನನ್ನ ಮುಂದೆ ಎಂದೂ ನಕ್ಕಿರಲಿಲ್ಲ.

ಸುಗ್ಗಿ ಮುಗಿದು ಭತ್ತ ಮನೆಗೆ ಬಂದ ಮೇಲೆ ಹಿರಿಯರು ಕೂತರು. ಇಮಾಮಸಾಬ ಕಾಕಾ ನಮ್ಮ ಓಣಿಯ ಹಿರಿಯ, ಊರಿನಲ್ಲಿ ಯಾರ ಮನೆ ಎರಡಾದರೂ ನಡುವೆ ಕೂರುವವರು ಅವರೇ. ಹೊಲ, ಮನೆ, ಎತ್ತು, ಪಾತ್ರೆ ಭಾಂಡೆ ಎಲ್ಲ ಹೊತ್ತು ಮುಳುಗುವುದರೊಳಗೆ ಹಂಚಿಹೋಯಿತು. ಉಳಿದದ್ದು ಅತ್ತೆ ಮತ್ತು ಕೆರೆಯ ಕೆಳಗಿನ ಗದ್ದೆ. ಅತ್ತೆ ಯಾರ ಬಳಿ ಇರುತ್ತಾಳೋ ಆ ಗದ್ದೆ ಅವರದು ಎಂದು ಮಾವ ಬದುಕಿದ್ದಾಗಲೇ ಆದ ಮಾತು. ನಮ್ಮ ಮನೆಯ ಒಳ್ಳೆಯ ನೆಲವೆಂದರೆ ಅದೊಂದೇ.

ಕಾಕಾ ಬಾಗಿಲ ಕಡೆ ತಿರುಗಿದರು. ನಾವಿಬ್ಬರೂ ಸೆರಗು ಹೊದ್ದು ಬಾಗಿಲಿನ ಆಚೆ ಈಚೆ ನಿಂತಿದ್ದೆವು. "ಗಂಡಸರ ಮಾತು ಮುಗೀತು. ಮನಿ ನಡಸೋರು ನೀವು" ಎಂದರು. "ಏನರ ಇದ್ರ ಈಗಽ ಹೇಳಿಬಿಡ್ರವಾ. ನಾಳೆ ಒಲಿ ಮುಂದ ಕುಂತು ಗೊಣಗಬ್ಯಾಡ್ರಿ. ಅತ್ತೀನ ಯಾರು ಇಟ್ಕೋತೀರಿ?"

"ನಮ್ಮ ಹಂತ್ಯಾಕ ಇರ್ತಾರ್ರಿ ಕಾಕಾ. ಹಿರೇ ಸೊಸಿ ನಾನು" ಎಂದೆ.

ಎಲ್ಲರೂ ತಲೆಯಾಡಿಸಿದರು. ಆಗ ನನ್ನ ಬಾಜೂದಿಂದ ನೀಲಿಯ ದನಿ ಬಂತು. ಮೆತ್ತಗಿನ ದನಿ, ಆದರೆ ಒಂದು ಅಕ್ಷರ ತಡವರಿಸಲಿಲ್ಲ.

"ಕಾಕಾ, ಅಕ್ಕಾರು ಈ ಊರಾಗ ಇರೋರಲ್ರಿ. ಕಲಘಟಗಿಗೆ ಮನಿ ಮಾಡೋ ವಿಚಾರ ಐತ್ರಿ ಅವರದು. ಅವರು ನೌಕರಿ ಮಾಡೋರದಾರ. ಅತ್ತಿ ಊರು ಬಿಟ್ಟು ಹೋಗೂದಿಲ್ರಿ. ಗದ್ದಿ ಅವರಿಗೆ ಕೊಟ್ರ ನಾಳೆ ಮಂದಿಗೆ ಲಾವಣಿ ಹಾಕಿ ಗೇಣಿ ತಿನ್ನತಾರ್ರಿ."

ನನ್ನ ಗಂಡ ಕುಳಿತಲ್ಲಿಂದ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. "ಹೌದೇನು?" ಎಂದು ಕೇಳಿದರು. ಇಡೀ ಮಂದಿಯ ಮುಂದೆ.

ನನ್ನ ನಾಲಿಗೆಯ ತುದಿಯಲ್ಲಿ ಅವಳ ಮಾತೂ ಇತ್ತು. ಈ ಮುದಿಕಿ ನನ್ನ ಪಾಲಿಗೆ ಬಂದರೆ ಬಾವಿ ನೋಡ್ಕೋತೇನಿ ಎಂದಿದ್ದ ಮಾತು. ಕಂಬಕ್ಕೆ ಒರಗಿ ಅತ್ತೆ ಕೂತಿದ್ದಳು, ಒಂದು ಮಾತು ಬಿಟ್ಟಿದ್ದರೆ ಗದ್ದೆ ನಮ್ಮದು. ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಗೆಳೆತನಕ್ಕಾಗಿ ನುಂಗಿದೆ ಎಂದು ಹೇಳಿಕೊಂಡರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದು ಸುಳ್ಳು. ಗಂಡನ ಆ ನೋಟ ನನ್ನನ್ನು ತಡೆದಿತ್ತು, ಅಷ್ಟೇ. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಹೇಳಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತೆ, "ನಾ ಈ ಮನಿ ಬಿಟ್ಟ ಎಲ್ಲಿ ಹೋಗಲೋ ಯಪ್ಪಾ, ಸಣ್ಣಾಕಿ ಹಂತ್ಯಾಕ ಇರ್ತೇನಿ" ಎಂದಳು. ಮಾತು ಮುಗಿಯಿತು.

ನಮ್ಮವರು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನವೋ ಏನೋ, ಊಟಕ್ಕೆ ಕೂತಾಗ, "ಗದ್ದಿ ಹೋತು ಅಂತ ಸಿಟ್ಟಿಲ್ಲ ನನಗ" ಎಂದರು. "ನನಗ ಹೇಳೂಕಿಂತ ಮೊದಲ ಅಕಿಗೆ ಹೇಳಿದಿ. ಹಂಗಾದ್ರ ನಾ ಯಾರು?" ಅವಳು ನನಗೆ ಹುಟ್ಟಿದಾಗಿನಿಂದ ಗೊತ್ತು, ನೀವು ಆಮೇಲೆ ಬಂದವರು ಎನ್ನಲೇ? ಆವತ್ತು ಮೊದಲ ಬಾರಿ ನನಗೆ ಗೊತ್ತಾಯಿತು, ಇಷ್ಟು ವರ್ಷ ನಾನು ಈ ಮನೆಯಲ್ಲಿ ಗಂಡನ ಜೊತೆ ಅಲ್ಲ, ಗೆಳತಿಯ ಜೊತೆ ಸಂಸಾರ ಮಾಡಿದ್ದೆ ಎಂದು.

ಹಳೆಯ ಅಡುಗೆಮನೆ ಅವರ ಪಾಲಿಗೆ ಹೋಯಿತು. ನಮ್ಮ ಪಾಲಿಗೆ ಬಂದ ದನದ ಕೊಟ್ಟಿಗೆಯ ಮೂಲೆಯಲ್ಲಿ ನಾನು ಕೈಯಾರೆ ಒಲೆ ಹಾಕಿದೆ. ಚಳಿ ದಿನ, ಮಣ್ಣು ಬೇಗ ಒಣಗಲಿಲ್ಲ. ಒಣಗುವವರೆಗೆ ಕಾಯೋಣ ಎಂದರೆ ಅತ್ತೆ ಕೇಳಲಿಲ್ಲ, ಸೋಮವಾರ ಹಾಲು ಉಕ್ಕಿಸಲೇಬೇಕು, ಮತ್ತೆ ಹೊಸ ಒಲೆಗೆ ಬೆಂಕಿ ಹಳೆಯ ಒಲೆಯಿಂದಲೇ ಬರಬೇಕು, ಅದನ್ನು ಸಣ್ಣ ಸೊಸೆಯೇ ತಂದು ಹಾಕಬೇಕು ಎಂದು ಹಟ ಹಿಡಿದಳು. ಮುದುಕಿಗೆ ತನ್ನ ಮನೆ ಇನ್ನೂ ಒಂದೇ ಎಂದು ತೋರಿಸಿಕೊಳ್ಳುವ ಆಸೆ.

ನೀಲಿ ಒಂದು ಒಡಕು ಮಡಕೆಯ ಬೋಕಿಯಲ್ಲಿ ಕೆಂಡ ಹಿಡಿದುಕೊಂಡು ಬಂದಳು. ಕುಕ್ಕರಗಾಲಿನಲ್ಲಿ ಕೂತು ಕೆಂಡ ಸುರಿದಳು, ಊದಿದಳು. ಹಸಿ ಮಣ್ಣಿನಿಂದ ಹೊಗೆ ಎದ್ದಿತು. ಅಲ್ಲಿ ನಾವಿಬ್ಬರೇ ಇದ್ದೆವು.

"ಯಾಕ ಅಂದಿ ನೀಲಿ?" ಎಂದೆ.

ಅವಳು ಕೇಳಿಸದವಳಂತೆ ಇನ್ನೊಮ್ಮೆ ಊದಿದಳು. ಆಮೇಲೆ ಒಲೆಯನ್ನು ನೋಡುತ್ತಲೇ ಹೇಳಿದಳು: "ನಾ ಸುಳ್ಳು ಹೇಳೇನೇನು?"

"ಸುಳ್ಳಲ್ಲ. ಅದು ನಿನಗ ಹೇಳಿದ ಮಾತು. ಹಿರೇರಿಗಲ್ಲ."

"ನನಗ ಎರಡು ಗಂಡು ಮಕ್ಕಳದಾವ ಕಸ್ತಿ. ಮ್ಯಾಲಿನ ಹೊಲದಾಗ ಕಲ್ಲ ಬಿಟ್ರ ಏನ ಐತಿ? ನೀ ಹೋಗಾಕಿ. ನಾ ಇಲ್ಲೇ ಸಾಯಾಕಿ." ತಿರುಗಿ ನನ್ನನ್ನು ನೋಡಿದಳು. ಹೊಗೆಗೋ ಏನೋ, ಕಣ್ಣು ಕೆಂಪಗಿದ್ದವು. "ನನ್ನ ಜಾಗಾದಾಗ ನೀ ಇದ್ರ ಸುಮ್ನಿರತಿದ್ದೇನು? ಖರೇ ಹೇಳು."

ಅವಳಿಗೆ ನನ್ನ ಮುಖ ಓದಲು ಬರುತ್ತಿತ್ತು. ಪಡಸಾಲೆಯಲ್ಲಿ ನಾನು ಬಾಯಿ ತೆರೆದದ್ದನ್ನು ಅವಳು ನೋಡಿದ್ದಳು, ಯಾವ ಮಾತಿಗೆ ತೆರೆದೆ ಎನ್ನುವುದೂ ಅವಳಿಗೆ ಗೊತ್ತಾಗಿತ್ತು. ನಾನು ಬಾಗಿ ಒಲೆಗೆ ಒಂದು ಪುಳ್ಳೆ ಇಟ್ಟೆ.

"ಮತ್ತ?" ಎಂದಳು. 'ಮತ್ತ' ಅಷ್ಟೇ. ಬೋಕಿ ಎತ್ತಿಕೊಂಡು ಎದ್ದಳು. ಬಾಗಿಲ ಬಳಿ ಹೋಗಿ, "ಹಾಲು ಉಕ್ಕಿದ ಮ್ಯಾಲ ಅತ್ತಿಗೆ ಒಂದೀಟು ಕಳಸ್ರಿ ಅಕ್ಕಾರ" ಎಂದು ಹೇಳಿ ಹೋದಳು. ಒಲೆಯ ಮುಂದೆ ಕೂತು ಅವಳು ನನ್ನನ್ನು ಕಸ್ತಿ ಎಂದು ಕರೆದದ್ದೇ ಕೊನೆ.

ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹಾಲು ಉಕ್ಕಿ ಚೆಲ್ಲಿ ಒಲೆ ಅರ್ಧ ಆರಿಹೋಯಿತು. ಆ ದಿನದಿಂದ ನನಗೆ ಗೋಡೆಯಾಚೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಬ್ಬಳೇ ಬಡಿದು ಒಬ್ಬಳೇ ಬೇಯಿಸುವವಳು ನಡುನಡುವೆ ನಿಲ್ಲಬೇಕಾಗುತ್ತದೆ. ಅವಳು ನಿಂತಾಗೆಲ್ಲ ನನ್ನ ಕೈಯೂ ನಿಲ್ಲುತ್ತಿತ್ತು. ಬೇಕೆಂದು ನಿಲ್ಲಿಸುತ್ತಿರಲಿಲ್ಲ, ತಾನಾಗಿಯೇ ನಿಲ್ಲುತ್ತಿತ್ತು. ಎರಡು ವರ್ಷ ಆ ಸದ್ದು ಕೇಳಿದೆ.

ಆಮೇಲೆ ನಾವು ಕಲಘಟಗಿಗೆ ಬಂದೆವು. ಮುಚ್ಚಿಟ್ಟ ಮಾತು ಬಯಲಾದ ಮೇಲೆ ಅದನ್ನು ಮತ್ತೆ ಮುಚ್ಚಿಡುವುದು ಏನು? ನಮ್ಮವರು ದಿನಾ ಮೋಟರ್ ಸೈಕಲ್ಲಿನ ಮೇಲೆ ಹೊಲಕ್ಕೆ ಹೋಗಿಬರುತ್ತಾರೆ. ನಾನು ಬೇಡಿದ್ದೆಲ್ಲ ಸಿಕ್ಕಿದೆ, ಶಾಲೆ, ಕೆಲಸ, ಮಗಳ ಓದು. ಅತ್ತ ನೀಲಿ ಬಾವಿಯನ್ನೇನೂ ನೋಡಿಕೊಳ್ಳಲಿಲ್ಲ, ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಂಡಳು. ಮುದುಕಿ ಹಾಸಿಗೆ ಹಿಡಿದಾಗ ಸ್ವಂತ ಮಗಳೂ ಮಾಡದಷ್ಟು ಮಾಡಿದಳು. ಯಾರೂ ಕೆಟ್ಟವರಾಗಲಿಲ್ಲ, ಯಾರೂ ಸೋಲಲಿಲ್ಲ. ಜನ ನಮ್ಮನ್ನು ನೋಡಿ, ನೆಗೆಣ್ಣಿಯರೆಂದರೆ ಹೀಗಿರಬೇಕು, ಒಂದು ದಿನ ಜಗಳವಿಲ್ಲ ಎನ್ನುತ್ತಾರೆ. ಜಗಳವಿಲ್ಲ, ನಿಜ. ಜಗಳಾಡಲು ಇಬ್ಬರಲ್ಲೂ ಏನೂ ಉಳಿದಿಲ್ಲ.

ಬುದ್ಧಿ ಬಂತು, ದೊಡ್ಡವರಾದಿರಿ, ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನನ್ನ ಜೊತೆಯ ಟೀಚರೊಬ್ಬರು ಹೇಳಿದರು. ಇರಬಹುದು. ನನಗೆ ಅದು ಬುದ್ಧಿ ಬಂದಂತೆ ಅನಿಸಿಲ್ಲ, ಒಳಗಿನದೊಂದು ಸತ್ತಂತೆ ಅನಿಸಿದೆ. ನೀಲಿಯ ನಂತರ ನನಗೆ ಗೆಳತಿ ಎನ್ನುವವರು ಆಗಲಿಲ್ಲ. ಪರಿಚಯದವರು ಬೇಕಾದಷ್ಟು ಜನ ಇದ್ದಾರೆ.

ಹೋದ ಶ್ರಾವಣದಲ್ಲಿ ಬಮ್ಮಿಗಟ್ಟಿಯಿಂದ ಬಂದು ಸ್ವಲ್ಪ ದಿನಕ್ಕೆ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ತಾಗಿತು. ಯಾರಿಗೂ ಹೇಳದೆ, ಶಾಲೆಗೆ ರಜೆ ಹಾಕಿ, ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬಂದೆ. ರಕ್ತ ತೆಗೆದರು, ಇನ್ನೂ ಏನೇನೋ ಮಾಡಿದರು, ವಾರ ಬಿಟ್ಟು ಬನ್ನಿ ಎಂದರು. ಮನೆಯಲ್ಲಿ ಹೇಗೆ ಹೇಳುವುದೆಂದು ಗೊತ್ತಾಗದೆ ಕಲಘಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಕಟ್ಟೆಯ ಮೇಲೆ ನೀಲಿ ಕೂತಿದ್ದಳು, ತಂಬೂರಿನ ಬಸ್ಸಿಗೆ ಕಾಯುತ್ತ.

ಅವಳನ್ನು ಕಂಡ ಕೂಡಲೇ ಎದೆಯೊಳಗಿನಿಂದ ಎದ್ದು ಬಂದದ್ದು ಒಂದೇ ಮಾತು, ನೀಲಿ ನನಗೆ ಹೆದರಿಕೆಯಾಗಿದೆ ಅಂತ. ಹೋಗಿ ಅವಳ ಬಾಜೂಕ್ಕೆ ಕೂತೆ.

"ಹುಬ್ಬಳ್ಳಿ ಬಸ್ಸಿನಿಂದ ಇಳದ್ರಲ್ಲ ಅಕ್ಕಾರ, ಎಲ್ಲಿಗೆ ಹೋಗಿದ್ರಿ?" ಎಂದಳು.

"ಮಗಳಿಗೆ ಅರಿವಿ ತರೂದಿತ್ತವಾ" ಎಂದೆ.

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು, ಎಷ್ಟು ಸರಾಗವಾಗಿ ಬಂತು ಅಂತ. ನನ್ನ ಕೈಯಲ್ಲಿ ಬರಿಯ ಪರ್ಸು. ಮೊಣಕೈಯ ಒಳಮಡಿಕೆಯಲ್ಲಿ ರಕ್ತ ತೆಗೆದ ಜಾಗಕ್ಕೆ ಅಂಟಿಸಿದ ಹತ್ತಿ ಹಾಗೇ ಇತ್ತು. ನೀಲಿಯ ಕಣ್ಣು ಆ ಹತ್ತಿಯ ಮೇಲೆ ಬಂದು ನಿಂತಿತು. ನಾನು ಸೆರಗು ಎಳೆದುಕೊಂಡೆ. ಅವಳು ದೃಷ್ಟಿ ತೆಗೆದು ರಸ್ತೆಯ ಕಡೆ ಹೊರಳಿಸಿದಳು.

"ಸಿಕ್ಕೂ ಏನ್ರಿ ಅರಿವಿ?" ಎಂದಳು.

"ಇಲ್ಲವಾ. ಮನಸ್ಸಿಗೆ ಬರಲಿಲ್ಲ."

"ಇನ್ನೊಮ್ಮೆ ಹೋದಾಗ ಸಿಗ್ತಾವ ಬಿಡ್ರಿ."

ಆಮೇಲೆ ಮಳೆಯ ಮಾತಾಡಿದೆವು, ಅವಳ ದೊಡ್ಡ ಮಗನ ಪರೀಕ್ಷೆಯ ಮಾತಾಡಿದೆವು. ಬಸ್ಸು ಬಂತು. "ಬರ್ತೇನ್ರಿ ಅಕ್ಕಾರ, ಹಬ್ಬಕ್ಕ ಬರ್ರಿ" ಎಂದು ಚೀಲ ಎತ್ತಿಕೊಂಡು ಹತ್ತಿದಳು. ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು ತಿರುಗಿ ನೋಡಿದಳು. ಅವಳು ಕೇಳುತ್ತಾಳೆ ಎಂದುಕೊಂಡೆ. ಹಿಂದಿನಿಂದ ಯಾರೋ ನೂಕಿದರು, ಅವಳು ಒಳಗೆ ಹೋದಳು. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.